ಜೆರಾಕ್ಸ್ ಪುಡಿಯಿಂದ ಸರ್ಕ್ಯೂಟ್ ಬೋರ್ಡ್: ಮನೆಯಲ್ಲೇ ಪಿಸಿಬಿ ಮಾಡುವ ವಿಧಾನ

ಬ್ರೆಡ್‌ಬೋರ್ಡ್ ಮೇಲೆ ಸೊಗಸಾಗಿ ಕೆಲಸ ಮಾಡಿದ ಸರ್ಕ್ಯೂಟನ್ನು ಒಂದು ಡಬ್ಬಿಯೊಳಗೆ ಕೂರಿಸಿ ತೋಟದ ಪಂಪ್‌ಶೆಡ್‌ನಲ್ಲೋ ಮೇಜಿನ ಮೂಲೆಯಲ್ಲೋ ಇಟ್ಟು ನೋಡಿ. ಹೆಚ್ಚು ದಿನ ಹೋಗುವುದಿಲ್ಲ, ಯಾವುದೋ ಒಂದು ತಂತಿ ಸಡಿಲಗೊಂಡು ಎಲ್ಲ ನಿಂತುಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಹವ್ಯಾಸ ಹಚ್ಚಿಕೊಂಡವರೆಲ್ಲ ಒಂದಲ್ಲ ಒಂದು ದಿನ ಬಂದು ನಿಲ್ಲುವ ಜಾಗ ಇದು. ಇಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಪಿಸಿಬಿ, ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್, ಬೇಕೇ ಬೇಕು.

ಇಂದು ಡಿಸೈನ್ ಫೈಲ್ ಕಳಿಸಿದರೆ ಕಾರ್ಖಾನೆಗಳು ಅಚ್ಚುಕಟ್ಟಾದ ಬೋರ್ಡ್ ಮಾಡಿ ಮನೆಗೇ ತಲುಪಿಸುತ್ತವೆ. ಆದರೆ ಅದಕ್ಕೆ ದಿನಗಟ್ಟಲೆ ಕಾಯಬೇಕು. ಬಂದ ಬೋರ್ಡ್‌ನಲ್ಲಿ ಒಂದು ಗೆರೆ ತಪ್ಪಿದ್ದರೆ ಮತ್ತೆ ಅಷ್ಟೇ ದಿನ ಕಾಯಬೇಕು. ಮನೆಯಲ್ಲಿ ಟೋನರ್ ಟ್ರಾನ್ಸ್‌ಫರ್ ವಿಧಾನದಲ್ಲಿ ಮಾಡಿದರೆ ಬೆಳಿಗ್ಗೆ ಬಿಡಿಸಿದ ಚಿತ್ರ ಸಂಜೆಗೆ ಬೆಸುಗೆ ಹಾಕಲು ಸಿದ್ಧವಾಗಿರುತ್ತದೆ. ಇನ್ನೊಂದು ಲಾಭ ಕಲಿಕೆಯದು. ಟ್ರ್ಯಾಕ್, ಅಂದರೆ ವಿದ್ಯುತ್ ಹರಿಯುವ ತಾಮ್ರದ ಗೆರೆ, ಎಷ್ಟು ಅಗಲ ಇರಬೇಕು, ಎರಡರ ನಡುವೆ ಎಷ್ಟು ಜಾಗ ಬಿಡಬೇಕು, ತೂತಿನ ಸುತ್ತ ತಾಮ್ರ ಯಾಕೆ ಬೇಕು ಎಂಬುದು ತನ್ನ ಕೈಯಾರೆ ಒಂದು ಬೋರ್ಡ್ ಮಾಡಿದ ವಿದ್ಯಾರ್ಥಿಗೆ ಮರೆಯುವುದಿಲ್ಲ.

ಆರಂಭಿಸುವ ಮೊದಲು ಒಂದು ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬೋರ್ಡನ್ನು ರಾಸಾಯನಿಕ ದ್ರಾವಣಕ್ಕೆ ಇಳಿಸುವವರೆಗೆ ಆದ ಯಾವ ತಪ್ಪನ್ನಾದರೂ ಅಳಿಸಿ ಮತ್ತೆ ಮಾಡಬಹುದು. ಇಳಿಸಿದ ಮೇಲೆ ಹೋದ ತಾಮ್ರ ಹೋಯಿತು. ಹಾಗಾಗಿ ಈ ಕೆಲಸದ ಶ್ರಮವೆಲ್ಲ ದ್ರಾವಣಕ್ಕಿಂತ ಮೊದಲಿನ ಹಂತಗಳಲ್ಲೇ ಇರಬೇಕು.

ಇದು ಹೇಗೆ ಕೆಲಸ ಮಾಡುತ್ತದೆ?

ಲೇಸರ್ ಪ್ರಿಂಟರ್ ಮತ್ತು ಜೆರಾಕ್ಸ್ ಯಂತ್ರಗಳು ಬಳಸುವುದು ಶಾಯಿಯನ್ನಲ್ಲ, ಟೋನರ್ ಎಂಬ ನುಣುಪಾದ ಪುಡಿಯನ್ನು. ಅದರ ಬಹುಪಾಲು ಪ್ಲಾಸ್ಟಿಕ್. ಕಪ್ಪು ಬಣ್ಣಕ್ಕೆಂದು ಇಂಗಾಲವೋ ಕಬ್ಬಿಣದ ಆಕ್ಸೈಡೋ ಸೇರಿರುತ್ತದೆ. ಯಂತ್ರದೊಳಗಿನ ಬಿಸಿ ರೋಲರ್ ಈ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಒಮ್ಮೆ ಕರಗಿ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಸಿ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಆಗ ಅದನ್ನು ತಾಮ್ರದ ಮೇಲೆ ಒತ್ತಿದರೆ ತಾಮ್ರಕ್ಕೆ ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಆದ್ದರಿಂದ ತಾಮ್ರ ಕರಗಿಸುವ ದ್ರಾವಣ ಅದಕ್ಕೆ ಏನೂ ಮಾಡದು. ಟೋನರ್ ಮುಚ್ಚಿದ ತಾಮ್ರ ಉಳಿಯುತ್ತದೆ, ಬರಿದಾಗಿರುವುದು ಕರಗುತ್ತದೆ. ಇಂಕ್‌ಜೆಟ್ ಪ್ರಿಂಟರ್‌ನ ಶಾಯಿಯಲ್ಲಿ ಈ ಗುಣವಿಲ್ಲ. ಅದರಲ್ಲಿ ಈ ಕೆಲಸ ಸಾಧ್ಯವೇ ಇಲ್ಲ.

ಆಸ್ಟ್ರಿಯಾ ಮೂಲದ ಪಾಲ್ ಐಸ್ಲರ್ ಇಂಗ್ಲೆಂಡಿನಲ್ಲಿ ರೇಡಿಯೊಗೆಂದು ಮುದ್ರಿತ ಸರ್ಕ್ಯೂಟ್ ಮಾಡಿದ್ದು 1936ರಲ್ಲಿ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಒಣ ಪುಡಿಯಿಂದ ಮೊದಲ ಜೆರಾಕ್ಸ್ ಪ್ರತಿ ತೆಗೆದಿದ್ದು 1938ರ ಅಕ್ಟೋಬರ್ 22ರಂದು. ಅವರಿಬ್ಬರು ಮಾಡಿಟ್ಟ ಎರಡು ಕೆಲಸಗಳನ್ನು ಜೋಡಿಸಿದರೆ ಇಂದಿನ ಟೋನರ್ ಟ್ರಾನ್ಸ್‌ಫರ್ ವಿಧಾನ.

ಏನೇನು ಬೇಕು?

ಮೊದಲನೆಯದು ಕಾಪರ್ ಕ್ಲ್ಯಾಡ್ ಬೋರ್ಡ್. ಇದರಲ್ಲಿ ಎರಡು ಬಗೆ. ಕಂದು ಬಣ್ಣದ, ಕಾಗದ ಮತ್ತು ಫೀನಾಲಿಕ್ ರಾಳದಿಂದ ಮಾಡಿದ್ದು ಅಗ್ಗ. ಕತ್ತರಿಸುವುದು, ತೂತು ಕೊರೆಯುವುದು ಸುಲಭ. ಆದರೆ ಹೆಚ್ಚು ಬಿಸಿ ತಗುಲಿದರೆ ತಾಮ್ರ ಎದ್ದುಬರುತ್ತದೆ. ತಿಳಿ ಹಸಿರು ಛಾಯೆಯ ಎಫ್‌ಆರ್-4, ಅಂದರೆ ಗಾಜಿನ ನಾರು ಮತ್ತು ಎಪಾಕ್ಸಿಯಿಂದ ಮಾಡಿದ್ದು, ಗಟ್ಟಿ. ಇಸ್ತ್ರಿಯ ಶಾಖವನ್ನೂ ಬೆಸುಗೆಯ ಶಾಖವನ್ನೂ ಚೆನ್ನಾಗಿ ತಡೆಯುತ್ತದೆ. ಮೊದಲ ಬೋರ್ಡಿಗೂ ಇದನ್ನೇ ಕೊಳ್ಳಿ. ಸಾಮಾನ್ಯವಾಗಿ ಸಿಗುವುದು 1.6 ಮಿ.ಮೀ. ದಪ್ಪದ್ದು, ಮೇಲಿನ ತಾಮ್ರ 35 ಮೈಕ್ರಾನ್. ಒಂದೇ ಬದಿಗೆ ತಾಮ್ರ ಇರುವುದನ್ನು ಕೇಳಿ ಪಡೆಯಿರಿ.

ಇದರ ಜೊತೆಗೆ ಬೇಕಾಗುವವು: ಫೆರಿಕ್ ಕ್ಲೋರೈಡ್, ನುಣುಪು ಕಾಗದ, ಇಸ್ತ್ರಿಪೆಟ್ಟಿಗೆ, ಪಾತ್ರೆ ಉಜ್ಜುವ ಹಸಿರು ಸ್ಕ್ರಬರ್, ಅಸಿಟೋನ್ ಅಥವಾ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್, ಸಿಡಿ ಮೇಲೆ ಬರೆಯುವಂಥ ಪರ್ಮನೆಂಟ್ ಮಾರ್ಕರ್, ಪ್ಲಾಸ್ಟಿಕ್ ಟ್ರೇ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಪುಟ್ಟ ಡ್ರಿಲ್, 0.8, 1 ಮತ್ತು 1.2 ಅಥವಾ 1.3 ಮಿ.ಮೀ. ಬಿಟ್‌ಗಳು, ವಾಷಿಂಗ್ ಸೋಡಾ. ಬೆಂಗಳೂರಿನವರಿಗೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬೋರ್ಡ್, ಫೆರಿಕ್ ಕ್ಲೋರೈಡ್, ಬಿಟ್ ಮೂರೂ ಸಿಗುತ್ತವೆ. ಬೇರೆ ಊರಿನವರು ರೇಡಿಯೊ–ಟಿವಿ ಬಿಡಿಭಾಗ ಮಾರುವ ಅಂಗಡಿಯಲ್ಲಿ ವಿಚಾರಿಸಬಹುದು, ಆನ್‌ಲೈನಿನಲ್ಲೂ ತರಿಸಬಹುದು.

ಮೊದಲ ಬೋರ್ಡ್ ಚಿಕ್ಕದಿರಲಿ

ಮೊದಲ ಪ್ರಯತ್ನಕ್ಕೆ 5 ವೋಲ್ಟ್ ವಿದ್ಯುತ್ ಪೂರೈಕೆಯ ಬೋರ್ಡ್ ಒಳ್ಳೆಯ ಆಯ್ಕೆ. ಬಿಡಿಭಾಗ ಕಡಿಮೆ, ಟ್ರ್ಯಾಕ್‌ಗಳು ಅಗಲ, ಮುಗಿದ ಮೇಲೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. 9 ವೋಲ್ಟ್ ಡಿಸಿ ಅಡಾಪ್ಟರ್‌ನಿಂದ ಬಂದ ವಿದ್ಯುತ್ ಒಂದು 1ಎನ್4007 ಡಯೋಡ್ ದಾಟಿ 7805 ರೆಗ್ಯುಲೇಟರ್‌ಗೆ ಹೋಗುತ್ತದೆ. ಅದರ ಒಳಬದಿಗೆ 100 ಮೈಕ್ರೊಫ್ಯಾರಡ್, 25 ವೋಲ್ಟ್‌ನ ಕೆಪಾಸಿಟರ್ ಮತ್ತು 0.33 ಮೈಕ್ರೊಫ್ಯಾರಡ್‌ನ ಇನ್ನೊಂದು, ಹೊರಬದಿಗೆ 0.1 ಮೈಕ್ರೊಫ್ಯಾರಡ್‌ನದು. 330 ಓಮ್ ರೆಸಿಸ್ಟರ್ ಜೊತೆಗೆ ಒಂದು ಎಲ್‌ಇಡಿ. ಒಳಗೆ–ಹೊರಗೆ ತಂತಿ ಸಿಕ್ಕಿಸಲು ಎರಡು ಸ್ಕ್ರೂ ಟರ್ಮಿನಲ್. ಇಷ್ಟನ್ನೂ 50 ಮಿ.ಮೀ. ಉದ್ದ, 40 ಮಿ.ಮೀ. ಅಗಲದ ಬೋರ್ಡಿನಲ್ಲಿ ಆರಾಮವಾಗಿ ಜೋಡಿಸಬಹುದು.

ಡಯೋಡ್ ಅಲ್ಲಿರುವುದು ಅಡಾಪ್ಟರ್ ತಂತಿ ಉಲ್ಟಾ ಸಿಕ್ಕಿಸಿದರೂ ಸರ್ಕ್ಯೂಟ್ ಸುಡದಿರಲಿ ಎಂದು. ಅದು ಸುಮಾರು 0.7 ವೋಲ್ಟ್ ತಿನ್ನುತ್ತದೆ. 7805ಕ್ಕೆ ಕನಿಷ್ಠ 7 ವೋಲ್ಟ್ ಸಿಗಬೇಕು, ಇಲ್ಲಿ 8.3 ಸಿಗುತ್ತದೆ. 300 ಮಿಲಿಆಂಪಿಯರ್ ಎಳೆದರೆ ರೆಗ್ಯುಲೇಟರ್‌ನಲ್ಲಿ ಸುಮಾರು 1 ವ್ಯಾಟ್ ಶಾಖವಾಗಿ ಹೋಗುತ್ತದೆ. ಅದಕ್ಕೊಂದು ಹೀಟ್‌ಸಿಂಕ್ ಕಟ್ಟಲು ಬೋರ್ಡಿನಲ್ಲಿ ಜಾಗ ಬಿಟ್ಟುಕೊಳ್ಳಿ.

ಮನೆಯ 230 ವೋಲ್ಟ್ ವಿದ್ಯುತ್ತನ್ನು ಮನೆಯಲ್ಲಿ ಮಾಡಿದ ಬೋರ್ಡಿನ ಮೇಲೆ ಹಾಯಿಸಬೇಡಿ. ಕಲಿಯುವ ಹಂತದಲ್ಲಿ ಅಡಾಪ್ಟರ್ ಅಥವಾ ಬ್ಯಾಟರಿಯೇ ಸಾಕು.

ಚಿತ್ರ ಬಿಡಿಸುವಾಗ

ಕಿಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸಕ್ಕೆ ಧಾರಾಳ ಸಾಕು. ಕಾರ್ಖಾನೆಗೆ ಕಳಿಸುವ ಡಿಸೈನ್‌ಗೂ ಮನೆಯಲ್ಲಿ ಮಾಡುವ ಡಿಸೈನ್‌ಗೂ ಮುಖ್ಯ ವ್ಯತ್ಯಾಸ ಉದಾರತೆಯದು. ಜಾಗ ಇರುವಷ್ಟೂ ಅಗಲವಾಗಿ ಬಿಡಿಸಿ. ಮೊದಲ ಬೋರ್ಡಿಗೆ ಟ್ರ್ಯಾಕ್ 1 ಮಿ.ಮೀ. ಇರಲಿ, ಎರಡು ಟ್ರ್ಯಾಕ್‌ಗಳ ನಡುವಿನ ಅಂತರ ಅರ್ಧ ಮಿ.ಮೀ.ಗಿಂತ ಕಡಿಮೆ ಬೇಡ. 35 ಮೈಕ್ರಾನ್ ತಾಮ್ರದ 1 ಮಿ.ಮೀ. ಟ್ರ್ಯಾಕ್ ಸುಮಾರು 2 ಆಂಪಿಯರ್ ವಿದ್ಯುತ್ತನ್ನು ಹೆಚ್ಚು ಬಿಸಿಯಾಗದೆ ಒಯ್ಯಬಲ್ಲದು, ನಮ್ಮ ಬೋರ್ಡಿಗೆ ಅದು ಬೇಕಾದಷ್ಟಾಯಿತು. ಕೈ ಪಳಗಿದ ಮೇಲೆ 0.3 ಮಿ.ಮೀ. ತನಕ ಇಳಿಯಬಹುದು.

ಪ್ಯಾಡ್‌ಗಳ, ಅಂದರೆ ತೂತಿನ ಸುತ್ತ ಬಿಡುವ ತಾಮ್ರದ ಬಿಲ್ಲೆಗಳ, ಅಳತೆ 2 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರಲಿ. ಕೈಯಿಂದ ಕೊರೆದ ತೂತು ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ. ಪ್ಯಾಡ್ ಚಿಕ್ಕದಾಗಿದ್ದರೆ ಒಂದು ಬದಿಯ ತಾಮ್ರ ಹರಿದುಹೋಗಿ ಬೆಸುಗೆ ನಿಲ್ಲುವುದಿಲ್ಲ. ಐಸಿ ಕಾಲುಗಳ ನಡುವೆ ಇರುವುದು 2.54 ಮಿ.ಮೀ. ಮಾತ್ರ. ಅಲ್ಲಿ ದುಂಡನೆಯ ಪ್ಯಾಡ್ ಬದಲು ಉದ್ದನೆಯ ಅಂಡಾಕಾರದ್ದು ಹಾಕಿ. ಪ್ಯಾಡ್ ಮಧ್ಯೆ ಚಿಕ್ಕ ಚುಕ್ಕೆಯಷ್ಟು ಜಾಗ ಖಾಲಿ ಬರುವಂತೆ ಪ್ರಿಂಟ್ ಆಯ್ಕೆ ಮಾಡಿಕೊಳ್ಳಿ. ಎಚಿಂಗ್‌ನಲ್ಲಿ, ಅಂದರೆ ದ್ರಾವಣದಲ್ಲಿ ತಾಮ್ರ ಕರಗಿಸುವಾಗ, ಆ ಚುಕ್ಕೆ ಪುಟ್ಟ ಗುಳಿಯಾಗಿ, ಮುಂದೆ ಡ್ರಿಲ್ ಬಿಟ್ ಜಾರದಂತೆ ಹಿಡಿದು ನಿಲ್ಲಿಸುತ್ತದೆ.

ಖಾಲಿ ಉಳಿದ ಜಾಗವನ್ನೆಲ್ಲ ಗ್ರೌಂಡ್‌ಗೆ ಸೇರಿದ ತಾಮ್ರದಿಂದ ತುಂಬಿಸಿಬಿಡಿ. ಇದರಿಂದ ಕರಗಬೇಕಾದ ತಾಮ್ರ ಕಡಿಮೆಯಾಗುತ್ತದೆ, ಎಚಿಂಗ್ ಬೇಗ ಮುಗಿಯುತ್ತದೆ, ದ್ರಾವಣ ಹೆಚ್ಚು ಬೋರ್ಡ್‌ಗಳಿಗೆ ಬಾಳುತ್ತದೆ. ಕೊನೆಗೆ ವಿಲೇವಾರಿ ಮಾಡಬೇಕಾದ ವಿಷವೂ ಕಡಿಮೆ.

ಉಲ್ಟಾ ಅಥವಾ ಸೀದಾ?

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಬಿಡಿಭಾಗಗಳು ಬೋರ್ಡಿನ ಮೇಲ್ಬದಿಯಲ್ಲಿ ಕೂರುತ್ತವೆ, ತಾಮ್ರ ಕೆಳಬದಿಯಲ್ಲಿರುತ್ತದೆ. ಸಾಫ್ಟ್‌ವೇರ್ ಕೆಳಬದಿಯ ತಾಮ್ರವನ್ನು ಮೇಲಿನಿಂದ ಬೋರ್ಡನ್ನೇ ತೂರಿ ನೋಡಿದಂತೆ ತೋರಿಸುತ್ತದೆ. ಕಾಗದವನ್ನು ಮಗುಚಿ ತಾಮ್ರದ ಮೇಲೆ ಒತ್ತಿದಾಗ ಚಿತ್ರ ತಾನಾಗಿಯೇ ಒಮ್ಮೆ ತಿರುಗುತ್ತದೆ. ಆದ್ದರಿಂದ ಕೆಳಪದರವನ್ನು ಹಾಗೆಯೇ ಪ್ರಿಂಟ್ ಮಾಡಿ, ಮಿರರ್ ಆಯ್ಕೆ ಬೇಡ. ಬಿಡಿಭಾಗಗಳನ್ನು ತಾಮ್ರದ ಬದಿಗೇ ಕೂರಿಸುವ ಎಸ್‌ಎಮ್‌ಡಿ ಬೋರ್ಡನ್ನು ಮೇಲ್ಪದರದಲ್ಲಿ ಬಿಡಿಸಿದ್ದರೆ ಮಾತ್ರ ಮಿರರ್ ಬೇಕು.

ಇದನ್ನು ತಲೆಯಲ್ಲಿ ಲೆಕ್ಕ ಹಾಕುವ ಗೋಜೇ ಬೇಡ. ಕೆಳಪದರದಲ್ಲಿ ಯಾವುದಾದರೂ ಅಕ್ಷರ ಬರೆದಿಡಿ, ನಿಮ್ಮ ಹೆಸರಾದರೂ ಸರಿ. ಕಾಗದದ ಮೇಲೆ ಅದು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕಂಡರೆ ಪ್ರಿಂಟ್ ಸರಿಯಾಗಿದೆ. ತಾಮ್ರದ ಮೇಲೆ ಇಳಿದಾಗ ನೇರವಾಗಿ ಓದಿಸಿಕೊಳ್ಳಬೇಕು. ಇದನ್ನು ಕಡೆಗಣಿಸಿದರೆ ನಮ್ಮ ಬೋರ್ಡಿನಲ್ಲಿ 7805ರ 1 ಮತ್ತು 3ನೇ ಕಾಲುಗಳು ಅದಲುಬದಲಾಗಿ, ಒಳಬರಬೇಕಾದ 8.3 ವೋಲ್ಟ್ ಹೊರಹೋಗುವ ಕಾಲಿಗೆ ಬಂದು ಬೀಳುತ್ತದೆ.

ಪ್ರಿಂಟ್ ಮತ್ತು ಕಾಗದ

ಟೋನರ್ ಕಾಗದವನ್ನು ಬಿಟ್ಟು ತಾಮ್ರವನ್ನು ಹಿಡಿಯಬೇಕು. ಸಾಮಾನ್ಯ ಕಾಗದದ ನಾರಿನೊಳಗೆ ಟೋನರ್ ಇಳಿದುಬಿಡುತ್ತದೆ. ಹೊಳಪಿನ ವಾರಪತ್ರಿಕೆಗಳ ಒಳಪುಟ ಬಹಳ ಜನರ ಮೆಚ್ಚಿನ ಆಯ್ಕೆ. ಅದರ ಮೇಲಿನ ಜೇಡಿಯ ನಯವಾದ ಲೇಪ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ, ಟೋನರ್ ತಾಮ್ರದ ಮೇಲೆ ಉಳಿಯುತ್ತದೆ. ಪುಟದ ಮೇಲೆ ಮೊದಲೇ ಅಚ್ಚಾದ ಬಣ್ಣದಿಂದ ತೊಂದರೆಯಿಲ್ಲ, ಅದು ಶಾಯಿ, ಟೋನರ್ ಅಲ್ಲ. ಇದೇ ಕೆಲಸಕ್ಕೆಂದು ಮಾರುವ ಹಳದಿ ಟ್ರಾನ್ಸ್‌ಫರ್ ಪೇಪರ್ ಸಿಕ್ಕರೆ ಇನ್ನೂ ಸಲೀಸು. ಇಂಕ್‌ಜೆಟ್‌ಗೆಂದು ಮಾರುವ ಪ್ಲಾಸ್ಟಿಕ್ ಲೇಪದ ಫೋಟೊ ಪೇಪರನ್ನು ಮಾತ್ರ ಲೇಸರ್ ಪ್ರಿಂಟರ್‌ಗೆ ಹಾಕಬೇಡಿ. ಲೇಪ ಕರಗಿ ರೋಲರ್‌ಗೆ ಮೆತ್ತಿಕೊಂಡರೆ ಪ್ರಿಂಟರೇ ಕೆಡುತ್ತದೆ.

ಮನೆಯಲ್ಲಿ ಲೇಸರ್ ಪ್ರಿಂಟರ್ ಇಲ್ಲದವರು ಜೆರಾಕ್ಸ್ ಅಂಗಡಿಗೆ ಹೋಗಬಹುದು. ಪತ್ರಿಕೆಯ ಪುಟವನ್ನು ಎ4 ಅಳತೆಗೆ ಅಂಚು ಹರಿಯದಂತೆ ಕತ್ತರಿಸಿಕೊಂಡು ಹೋಗಿ. ಅಂಗಡಿಯವರಿಗೆ ಮೂರು ಮಾತು ಹೇಳಿ: ಟೋನರ್ ಉಳಿಸುವ ಆಯ್ಕೆ ಆಫ್ ಇರಲಿ, ಕಪ್ಪು ಆದಷ್ಟು ದಟ್ಟವಾಗಿ ಬರಲಿ, ಅಳತೆ ಕಟ್ಟುನಿಟ್ಟಾಗಿ ನೂರಕ್ಕೆ ನೂರು ಇರಲಿ. ಪುಟಕ್ಕೆ ಹೊಂದಿಸುವ ಆಯ್ಕೆ ಆನ್ ಇದ್ದರೆ ಚಿತ್ರ ಒಂದಿಷ್ಟು ಕುಗ್ಗಿ ಐಸಿಯ ಕಾಲುಗಳು ತೂತಿಗೆ ಹೊಂದುವುದೇ ಇಲ್ಲ. ಒಂದೇ ಹಾಳೆಯಲ್ಲಿ ಅದೇ ಚಿತ್ರದ ನಾಲ್ಕೈದು ಪ್ರತಿ ಹಾಕಿಸಿ. ಒಂದು ಕೆಟ್ಟರೆ ಇನ್ನೊಂದಿರುತ್ತದೆ.

ಮೊದಲು ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು 50 ಮಿ.ಮೀ. ಸರಿಯಾಗಿ 50 ಇದೆಯೇ ನೋಡಿ. ಬಿಡಿಭಾಗಗಳನ್ನು ಆ ಚಿತ್ರದ ಮೇಲೆ ಇಟ್ಟು ಕಾಲುಗಳು ಪ್ಯಾಡ್ ಮೇಲೆ ಬರುತ್ತವೆಯೇ ಪರೀಕ್ಷಿಸಿ. ಹೊಳಪು ಕಾಗದದ ಮೇಲೆ ಪ್ರಿಂಟ್ ಬಂದ ಮೇಲೆ ಕಪ್ಪು ಭಾಗವನ್ನು ಬೆರಳಿನಿಂದ ಮುಟ್ಟಬೇಡಿ.

ತಾಮ್ರವನ್ನು ತೊಳೆಯುವುದು

ಟ್ರಾನ್ಸ್‌ಫರ್ ಕೆಡುವುದಕ್ಕೆ ಬಹುತೇಕ ಸಲ ಕಾರಣ ಇಸ್ತ್ರಿಯಲ್ಲ, ಕೊಳೆ. ಅಂಗಡಿಯಿಂದ ಬಂದ ತಾಮ್ರದ ಮೇಲೆ ಕೈಜಿಡ್ಡು ಇರುತ್ತದೆ, ಗಾಳಿಗೆ ಕಪ್ಪಾದ ಪದರ ಇರುತ್ತದೆ. ಬೋರ್ಡನ್ನು ಅಳತೆಗೆ ಕತ್ತರಿಸಿ, ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ ನಯ ಮಾಡಿ. ಅಂಚು ಒಂದಿಷ್ಟು ಎದ್ದಿದ್ದರೂ ಇಸ್ತ್ರಿಪೆಟ್ಟಿಗೆ ಅದರ ಮೇಲೇ ನಿಂತು ನಡುಭಾಗಕ್ಕೆ ಒತ್ತಡ ಸಿಗುವುದಿಲ್ಲ.

ಇನ್ನು ಹಸಿರು ಸ್ಕ್ರಬರ್‌ಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ ಉಜ್ಜಿ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಮಂಕು ಕಂದು ಹೋಗಿ ತಾಮ್ರ ಗುಲಾಬಿ ಛಾಯೆಯಲ್ಲಿ ಹೊಳೆಯಬೇಕು, ಮೇಲೆ ಸಣ್ಣ ಗೀರುಗಳು ಕಾಣಬೇಕು. ಟೋನರ್‌ಗೆ ಹಿಡಿತ ಕೊಡುವುದು ಆ ಗೀರುಗಳೇ. ನಲ್ಲಿಯ ಕೆಳಗೆ ಹಿಡಿದು ನೋಡಿ. ನೀರು ಇಡೀ ತಾಮ್ರದ ಮೇಲೆ ಒಂದೇ ತೆಳು ಪರದೆಯಂತೆ ಹರಡಿದರೆ ಜಿಡ್ಡು ಹೋಗಿದೆ. ಎಲ್ಲಾದರೂ ನೀರು ಒಡೆದು ಹನಿಗಟ್ಟಿದರೆ ಅಲ್ಲಿ ಜಿಡ್ಡು ಇನ್ನೂ ಇದೆ, ಮತ್ತೆ ಉಜ್ಜಿ. ಒಣಗಿಸಿ, ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಲೆ ಹತ್ತದಷ್ಟು ಸ್ವಚ್ಛವಾಗಬೇಕು. ಇಲ್ಲಿಂದ ಮುಂದೆ ಬೋರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಅಸಿಟೋನ್‌ಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯಿಂದಲೂ ಬಿಸಿ ಇಸ್ತ್ರಿಪೆಟ್ಟಿಗೆಯಿಂದಲೂ ದೂರವಿಡಿ.

ಇಸ್ತ್ರಿ ಹಾಕುವುದು

ಇಸ್ತ್ರಿಪೆಟ್ಟಿಗೆಯನ್ನು ಹತ್ತಿ ಬಟ್ಟೆಯ ಗುರುತಿಗೆ ಇಡಿ. ಸ್ಟೀಮ್ ಪೆಟ್ಟಿಗೆಯಾದರೆ ನೀರು ಖಾಲಿ ಮಾಡಿ, ಆವಿ ಬರಕೂಡದು. ಗಟ್ಟಿ ಮರದ ಹಲಗೆಯ ಮೇಲೆ ಮಡಚಿದ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ತಾಮ್ರ ಮೇಲೆ ಬರುವಂತೆ ಬೋರ್ಡ್ ಇಡಿ. ಚಿತ್ರವಿರುವ ಕಾಗದವನ್ನು ಟೋನರ್ ಕೆಳಮುಖವಾಗಿ ಇಟ್ಟು, ಅಂಚುಗಳನ್ನು ಬೋರ್ಡಿನ ಹಿಂದಕ್ಕೆ ಮಡಚಿ, ಶಾಖ ತಡೆಯುವ ಟೇಪಿನಿಂದ ಹಿಡಿಸಿ. ಮೇಲೊಂದು ಸಾದಾ ಕಾಗದ ಹಾಕಿ.

ಮೊದಲ ಅರ್ಧ ನಿಮಿಷ ಪೆಟ್ಟಿಗೆಯನ್ನು ನೇರವಾಗಿ ಮೇಲಿಟ್ಟು ಮೈಭಾರ ಹಾಕಿ ಒತ್ತಿ, ಅಲುಗಾಡಿಸಬೇಡಿ. ಟೋನರ್ ಮೊದಲ ಹಿಡಿತ ಪಡೆಯುವುದು ಆಗಲೇ. ಆ ಹೊತ್ತಿನಲ್ಲಿ ಕಾಗದ ಸರಿದರೆ ಟ್ರ್ಯಾಕ್‌ಗಳೆಲ್ಲ ಎರಡೆರಡಾಗಿ ಕಾಣುತ್ತವೆ. ಆಮೇಲೆ ಪೆಟ್ಟಿಗೆಯ ತುದಿಯಿಂದ ಅಂಚು, ಮೂಲೆಗಳ ಮೇಲೆ ನಿಧಾನವಾಗಿ ಒತ್ತುತ್ತ ಸಾಗಿ. ನಮ್ಮ ಪುಟ್ಟ ಬೋರ್ಡಿಗೆ ಒಟ್ಟು ಮೂರರಿಂದ ನಾಲ್ಕು ನಿಮಿಷ ಸಾಕು. ಟೋನರ್ ಚೆನ್ನಾಗಿ ಹಿಡಿದಲ್ಲಿ ಟ್ರ್ಯಾಕ್‌ನ ಆಕಾರ ಕಾಗದದ ಹಿಂಬದಿಯಿಂದಲೇ ಮಸುಕಾಗಿ ಎದ್ದು ಕಾಣತೊಡಗುತ್ತದೆ. ಶಾಖ ಅಥವಾ ಒತ್ತಡ ಅತಿಯಾದರೆ ಟೋನರ್ ಚಪ್ಪಟೆಯಾಗಿ ಹರಡಿ ಪಕ್ಕದ ಟ್ರ್ಯಾಕ್‌ಗೆ ತಾಗುತ್ತದೆ.

ಎಲ್ಲ ಪೆಟ್ಟಿಗೆಗಳ ಶಾಖ ಒಂದೇ ಸಮ ಇರುವುದಿಲ್ಲ, ಎಲ್ಲ ಕಂಪನಿಗಳ ಟೋನರ್ ಒಂದೇ ಶಾಖಕ್ಕೆ ಕರಗುವುದಿಲ್ಲ. ಬೋರ್ಡಿನ ಕತ್ತರಿಸಿ ಉಳಿದ ಚೂರುಗಳ ಮೇಲೆ ಎರಡು ಮೂರು ಸಲ ಪ್ರಯೋಗ ಮಾಡಿ, ಸರಿಹೋದ ಗುರುತು ಮತ್ತು ಸಮಯವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಕಾಗದ ಬಿಡಿಸುವುದು

ಬೋರ್ಡ್ ತಾನಾಗಿ ತಣ್ಣಗಾಗಲಿ. ಆಮೇಲೆ ಒಂದು ಹನಿ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನೆನೆಹಾಕಿ. ಕಾಗದವನ್ನು ಎಳೆದು ಕೀಳುವ ಆತುರ ಬೇಡ. ಪೂರ್ತಿ ನೆಂದ ಕಾಗದವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಅದು ಸುರುಳಿ ಸುರುಳಿಯಾಗಿ ಬರುತ್ತದೆ. ಕೊನೆಯ ಪದರಕ್ಕೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಬಳಸಿ. ಹಳದಿ ಟ್ರಾನ್ಸ್‌ಫರ್ ಪೇಪರ್ ಆಗಿದ್ದರೆ ನೆನೆಹಾಕುವ ಕೆಲಸವೇ ಇಲ್ಲ, ತಣ್ಣಗಾದ ಮೇಲೆ ಸುಲಿದರೆ ಬಂದುಬಿಡುತ್ತದೆ.

ನೀರಿನಲ್ಲಿರುವಾಗ ಎಲ್ಲ ಸ್ವಚ್ಛವಾಗಿರುವಂತೆ ಕಾಣುತ್ತದೆ. ಒಣಗಿಸಿ ನೋಡಿ, ಟ್ರ್ಯಾಕ್‌ಗಳ ನಡುವೆ ಬಿಳಿ ಪೊರೆಯಂಥ ನಾರು ಆಗ ಕಾಣಿಸಿಕೊಳ್ಳುತ್ತದೆ. ಟೋನರ್ ಮೇಲೆ ಅಂಟಿಕೊಂಡ ನಾರಿನಿಂದ ತೊಂದರೆಯಿಲ್ಲ. ಬರಿ ತಾಮ್ರದ ಮೇಲೆ ಉಳಿದರೆ ದ್ರಾವಣವನ್ನು ಅದೇ ತಡೆದು, ಕರಗಬೇಕಾದ ತಾಮ್ರ ಉಳಿದುಬಿಡುತ್ತದೆ. ಮತ್ತೆ ನೆನೆಸಿ, ಮತ್ತೆ ಉಜ್ಜಿ. ಪ್ಯಾಡ್ ನಡುವಿನ ಚುಕ್ಕೆಗಳನ್ನು ಸೂಜಿಮೊನೆಯಿಂದ ಬಿಡಿಸಿ.

ಇಲ್ಲಿ ನಿಂತು ನೋಡಿ

ಬೋರ್ಡನ್ನು ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ಇಂಚಿಂಚಾಗಿ ನೋಡಿ. ಅಕ್ಷರ ನೇರವಾಗಿ ಓದಲು ಬರುತ್ತದೆಯೇ? ಎಲ್ಲಾದರೂ ಟ್ರ್ಯಾಕ್ ತುಂಡಾಗಿದೆಯೇ, ಸೂಜಿಗಾತ್ರದ ತೂತುಗಳಿವೆಯೇ? ಅವನ್ನು ಪರ್ಮನೆಂಟ್ ಮಾರ್ಕರ್‌ನಿಂದ ಎರಡು ಸಲ ಬರೆದು ಮುಚ್ಚಿ. ಎರಡು ಟ್ರ್ಯಾಕ್ ಕೂಡಿಕೊಂಡಿದ್ದರೆ ಬ್ಲೇಡ್ ತುದಿಯಿಂದ ಕೆರೆದು ಬೇರ್ಪಡಿಸಿ. ದೊಡ್ಡ ಭಾಗವೇ ಎದ್ದುಹೋಗಿದ್ದರೆ ತೇಪೆ ಹಾಕುತ್ತ ಕೂರಬೇಡಿ. ಅಸಿಟೋನ್‌ನಿಂದ ಎಲ್ಲ ಒರೆಸಿ, ತಾಮ್ರ ತೊಳೆಯುವಲ್ಲಿಂದ ಮತ್ತೆ ಶುರು ಮಾಡಿ. ಹೋಗುವುದು ಒಂದು ಪ್ರಿಂಟ್ ಮಾತ್ರ, ಬೋರ್ಡ್ ಹಾಗೇ ಇರುತ್ತದೆ.

ಎಚಿಂಗ್

ಫೆರಿಕ್ ಕ್ಲೋರೈಡ್ ತಾಮ್ರದೊಡನೆ ಸೇರಿ ಫೆರಸ್ ಕ್ಲೋರೈಡ್ ಮತ್ತು ಕಾಪರ್ ಕ್ಲೋರೈಡ್ ಆಗುತ್ತದೆ, ಎರಡೂ ನೀರಿನಲ್ಲಿ ಕರಗಿ ಹೋಗುತ್ತವೆ. 100 ಗ್ರಾಂ ಫೆರಿಕ್ ಕ್ಲೋರೈಡ್‌ಗೆ 200ರಿಂದ 250 ಮಿ.ಲೀ. ನೀರು ಸಾಕು. ಮೊದಲು ನೀರು ತೆಗೆದುಕೊಂಡು, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಫೆರಿಕ್ ಕ್ಲೋರೈಡ್ ಹಾಕಿ ಕಲಕಿ. ಅದರ ಮೇಲೆ ನೀರು ಸುರಿಯಬಾರದು. ಕರಗುವಾಗ ಜೋರು ಶಾಖ ಹುಟ್ಟುತ್ತದೆ, ಘಾಟು ಹೊಗೆಯೂ ಬರಬಹುದು. ಪಾತ್ರೆ, ಚಮಚ, ಚಿಮಟ ಎಲ್ಲ ಪ್ಲಾಸ್ಟಿಕ್ ಅಥವಾ ಗಾಜಿನವಾಗಿರಲಿ. ಸ್ಟೀಲ್, ಅಲ್ಯೂಮಿನಿಯಂಗಳನ್ನು ಇದು ತಿಂದುಹಾಕುತ್ತದೆ. ಅಡುಗೆಮನೆಯ ಪಾತ್ರೆ ಯಾವುದನ್ನೂ ಬಳಸಬೇಡಿ. ಕಿಟಕಿ ತೆರೆದಿರುವ ಜಾಗದಲ್ಲಿ ಅಥವಾ ಹೊರಗೆ, ಕೈಗವಸು, ಕನ್ನಡಕ ಹಾಕಿಕೊಂಡು, ಕೆಳಗೆ ಹಳೆ ಪತ್ರಿಕೆ ಹಾಸಿ ಕೆಲಸ ಮಾಡಿ. ಬಟ್ಟೆಗೂ ಹೆಂಚಿಗೂ ಬಿದ್ದ ಕಂದು ಕಲೆ ಸುಲಭಕ್ಕೆ ಹೋಗುವುದಿಲ್ಲ. ಮಕ್ಕಳು ಕಲಿಯುತ್ತಿದ್ದರೆ ಈ ಹಂತದಲ್ಲಿ ದೊಡ್ಡವರು ಪಕ್ಕದಲ್ಲೇ ಇರಬೇಕು.

ದ್ರಾವಣ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಕೆಲಸ ಚುರುಕು. ಒಲೆಯ ಮೇಲೆ ಇಡಬೇಡಿ. ಅಗಲವಾದ ಬೇಸಿನ್‌ನಲ್ಲಿ ಬಿಸಿನೀರು ಹಾಕಿ ಅದರೊಳಗೆ ದ್ರಾವಣದ ಟ್ರೇ ಇಟ್ಟರಾಯಿತು. ಬೋರ್ಡನ್ನು ಇಳಿಸಿ ಟ್ರೇಯನ್ನು ಮೆಲ್ಲಗೆ ತೂಗುತ್ತಿರಿ. ಕೆಲವೇ ಕ್ಷಣಗಳಲ್ಲಿ ಹೊಳೆಯುವ ತಾಮ್ರ ಮಂಕು ಗುಲಾಬಿಗೆ ತಿರುಗಿದರೆ ದ್ರಾವಣ ತಾಮ್ರವನ್ನು ಮುಟ್ಟಿದೆ ಎಂದರ್ಥ. ಎಲ್ಲಾದರೂ ಹೊಳಪು ಹಾಗೇ ಉಳಿದಿದ್ದರೆ ಅಲ್ಲಿ ಕಾಗದದ ನಾರೋ ಜಿಡ್ಡೋ ಇದೆ. ತಕ್ಷಣ ತೆಗೆದು ತೊಳೆದು, ಸರಿಪಡಿಸಿ ಮತ್ತೆ ಇಳಿಸಿ.

ಅಂಚಿನಿಂದ ಶುರುವಾಗಿ ಒಳಗೊಳಗೆ ತಾಮ್ರ ಮಾಯವಾಗುತ್ತ ಬರುತ್ತದೆ. ಬಿಸಿ ದ್ರಾವಣದಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಡುನಡುವೆ ಎತ್ತಿ, ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಎಫ್‌ಆರ್-4 ಹಲಗೆಯಲ್ಲಿ ಬೆಳಕು ತೂರಿ ಬರುತ್ತದೆ, ಉಳಿದ ತಾಮ್ರ ನೆರಳಾಗಿ ಕಾಣುತ್ತದೆ. ಕೊನೆಯ ಚೂರು ಕರಗಿದ ಕೂಡಲೇ ಹೊರತೆಗೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ದ್ರಾವಣ ಟೋನರ್‌ನ ಕೆಳಗೆ ಅಡ್ಡಲಾಗಿ ನುಗ್ಗಿ ಟ್ರ್ಯಾಕ್‌ಗಳನ್ನು ಸವೆಸುತ್ತದೆ. ಬೋರ್ಡನ್ನು ಒಂದು ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ, ಆ ನೀರನ್ನು ಚೆಲ್ಲದೆ ಹಾಗೇ ಇಟ್ಟುಕೊಳ್ಳಿ. ಕೊನೆಗೆ ಅಸಿಟೋನ್‌ನಿಂದ ಟೋನರ್ ಒರೆಸಿದರೆ ಹೊಳೆಯುವ ತಾಮ್ರದ ಟ್ರ್ಯಾಕ್‌ಗಳು ಹೊರಬರುತ್ತವೆ.

ತೂತು, ಬೆಸುಗೆ, ಪರೀಕ್ಷೆ

ರೆಸಿಸ್ಟರ್, ಕೆಪಾಸಿಟರ್, ಎಲ್‌ಇಡಿ, ಐಸಿಗಳಿಗೆ 0.8 ಮಿ.ಮೀ. ಬಿಟ್, 1ಎನ್4007 ಮತ್ತು 7805ಕ್ಕೆ 1 ಮಿ.ಮೀ.; ಸ್ಕ್ರೂ ಟರ್ಮಿನಲ್‌ಗೆ 1.2 ಅಥವಾ 1.3. ಡ್ರಿಲ್ಲನ್ನು ನೇರವಾಗಿ ಹಿಡಿದು ಹಗುರವಾಗಿ ಒತ್ತಿ. ಕಾರ್ಬೈಡ್ ಬಿಟ್‌ಗಳು ಹರಿತ, ಆದರೆ ಒಂದಿಷ್ಟು ಓರೆಯಾದರೂ ಪಟ್ಟನೆ ಮುರಿಯುತ್ತವೆ. ಕೈಯಲ್ಲಿ ಹಿಡಿಯುವ ಡ್ರಿಲ್‌ಗೆ ಸಾಮಾನ್ಯ ಸ್ಟೀಲ್ ಬಿಟ್ ವಾಸಿ, ಮೊಂಡಾದಾಗ ಬದಲಿಸಿ. ಎಫ್‌ಆರ್-4 ಕೊರೆಯುವಾಗ, ಕತ್ತರಿಸುವಾಗ ಏಳುವುದು ಗಾಜಿನ ದೂಳು. ಮಾಸ್ಕ್ ಹಾಕಿಕೊಳ್ಳಿ, ಬೋರ್ಡನ್ನು ಒದ್ದೆ ಮಾಡಿಕೊಳ್ಳಿ, ದೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಬರಿ ತಾಮ್ರ ಗಾಳಿಗೆ ಬೇಗ ಕಪ್ಪಾಗುತ್ತದೆ. ಸ್ಕ್ರಬರ್‌ನಿಂದ ಒಮ್ಮೆ ಉಜ್ಜಿ, ಫ್ಲಕ್ಸ್ ಹಚ್ಚಿ, ಬೆಸುಗೆ ಕಡ್ಡಿಯಿಂದ ಟ್ರ್ಯಾಕ್‌ಗಳ ಮೇಲೆ ತೆಳುವಾಗಿ ಬೆಸುಗೆ ಲೋಹ ಹರಿಸಿ. ಬಿಡಿಭಾಗ ಕೂರಿಸುವ ಮೊದಲು ಮಲ್ಟಿಮೀಟರ್‌ನ ಬೀಪ್ ಗುರುತಿನಲ್ಲಿ ಪ್ರತಿ ಟ್ರ್ಯಾಕ್ ತುದಿಯಿಂದ ತುದಿಗೆ ಕೂಡಿದೆಯೇ, ಪಕ್ಕದ್ದಕ್ಕೆ ತಾಗಿಲ್ಲವೇ ನೋಡಿ. ಬೆಸುಗೆ ಮುಗಿದ ಮೇಲೆ ಪ್ಲಸ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಂಡು 9 ವೋಲ್ಟ್ ಕೊಡಿ. ಹೊರಬದಿಯಲ್ಲಿ 4.8ರಿಂದ 5.2ರ ಒಳಗೆ ವೋಲ್ಟೇಜ್ ಬಂದರೆ ಬೋರ್ಡ್ ಗೆದ್ದಿತು.

ಉಳಿದ ದ್ರಾವಣವನ್ನು ಚರಂಡಿಗೆ ಸುರಿಯಬೇಡಿ

ಈ ಹವ್ಯಾಸದಲ್ಲಿ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ಹಂತ ಇದು. ಕರಗಿದ ತಾಮ್ರ ಮೀನುಗಳಿಗೆ, ನೀರಿನ ಸಣ್ಣ ಜೀವಿಗಳಿಗೆ ವಿಷ. ಸಿಂಕಿಗೆ ಸುರಿದರೆ ಲೋಹದ ಕೊಳವೆ ಕೆಡುತ್ತದೆ, ಆ ನೀರು ಕೆರೆಗೋ ಹೊಳೆಗೋ ಸೇರುತ್ತದೆ.

ಮೊದಲನೆಯದಾಗಿ, ಒಂದು ಬೋರ್ಡ್ ಮಾಡಿ ದ್ರಾವಣ ಎಸೆಯಬೇಡಿ. ನಮ್ಮ 50×40 ಮಿ.ಮೀ. ಬೋರ್ಡಿನ ಮೇಲಿರುವ ಒಟ್ಟು ತಾಮ್ರವೇ ಸುಮಾರು 0.6 ಗ್ರಾಂ. ಮಾರುಕಟ್ಟೆಯಲ್ಲಿ ಸಿಗುವ ಹಳದಿ–ಕಂದು ಹರಳಿನ ಫೆರಿಕ್ ಕ್ಲೋರೈಡ್ ಆದರೆ 1 ಗ್ರಾಂ ತಾಮ್ರಕ್ಕೆ 8.5 ಗ್ರಾಂ ಖರ್ಚಾಗುತ್ತದೆ. ಅಂದರೆ ಒಮ್ಮೆ ಮಾಡಿದ ದ್ರಾವಣ ಹತ್ತಾರು ಚಿಕ್ಕ ಬೋರ್ಡ್‌ಗಳಿಗೆ ಬರುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮೇಲೆ ದೊಡ್ಡದಾಗಿ ‘ವಿಷ’ ಎಂದು ಬರೆದು, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಯಾವತ್ತೂ ತುಂಬಬೇಡಿ.

ಬಿಸಿ ಮಾಡಿದರೂ ಬೋರ್ಡ್ ಕರಗಲು ಒಂದು ಗಂಟೆಯ ಮೇಲೆ ಹಿಡಿಯುತ್ತಿದ್ದರೆ ದ್ರಾವಣ ಮುಗಿದಿದೆ. ಆಗ ಅದನ್ನೂ ತೊಳೆದ ನೀರನ್ನೂ ದೊಡ್ಡ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ, ನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾವನ್ನು ನಿಧಾನವಾಗಿ ಸೇರಿಸುತ್ತ ಹೋಗಿ. ಜೋರಾಗಿ ನೊರೆ ಉಕ್ಕುತ್ತದೆ, ಅದಕ್ಕೇ ದೊಡ್ಡ ಬಕೆಟ್. ನೊರೆ ನಿಂತ ಮೇಲೂ ಇನ್ನಷ್ಟು ಸೋಡಾ ಹಾಕಿ ಒಂದೆರಡು ದಿನ ಬಿಟ್ಟರೆ ತಾಮ್ರ ಮತ್ತು ಕಬ್ಬಿಣ ಕೆಸರಾಗಿ ತಳಕ್ಕೆ ಕೂರುತ್ತವೆ. ಮೇಲಿನ ನೀರಿನಲ್ಲಿ ನೀಲಿ–ಹಸಿರು ಛಾಯೆ ಉಳಿದಿದ್ದರೆ ಇನ್ನೂ ತಾಮ್ರವಿದೆ, ಮತ್ತೆ ಸೋಡಾ ಸೇರಿಸಿ. ತಿಳಿಯಾದ ನೀರನ್ನು ಬಸಿದು ತೆಗೆದು, ಕೆಸರನ್ನು ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಕಟ್ಟಿ, ಮನೆಯ ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕವಾಗಿಯೇ ಕೊಡಿ. ಹಸಿಕಸ, ಒಣಕಸದ ಜೊತೆ ಸೇರಿಸಬೇಡಿ, ಗಿಡದ ಬುಡಕ್ಕೂ ಹಾಕಬೇಡಿ. ಕಾಲೇಜು ಪ್ರಯೋಗಾಲಯದ ನಂಟಿದ್ದರೆ ಅಲ್ಲಿನ ರಾಸಾಯನಿಕ ತ್ಯಾಜ್ಯದ ಜೊತೆ ಒಪ್ಪಿಸಬಹುದು.

ಈ ವಿಧಾನಕ್ಕೆ ಯಾವುದು ಒಗ್ಗುವುದಿಲ್ಲ?

ಎರಡೂ ಬದಿಗೆ ತಾಮ್ರವಿರುವ ಬೋರ್ಡನ್ನು ಹೀಗೆ ಮಾಡಬಹುದಾದರೂ ಎರಡು ಚಿತ್ರಗಳನ್ನು ತೂತಿಗೆ ತೂತು ಹೊಂದಿಸುವುದು ಕಷ್ಟ. ತೂತಿನೊಳಗೆ ತಾಮ್ರದ ಲೇಪವೂ ಬರುವುದಿಲ್ಲ, ಪ್ರತಿ ಕಡೆ ತಂತಿ ಹಾಕಿ ಎರಡೂ ಬದಿಗೆ ಬೆಸುಗೆ ಮಾಡಬೇಕು. ಒಂದೇ ಬದಿಯಲ್ಲಿ ಬಿಡಿಸಿ, ದಾಟಲಾಗದ ಕಡೆ ಮೇಲಿನಿಂದ ಜಂಪರ್ ತಂತಿ ಹಾಕುವುದು ಜಾಣತನ. ಕೂದಲೆಳೆಯಂಥ ಕಾಲುಗಳ ಐಸಿ ಇದ್ದರೆ ಅಥವಾ ಒಂದೇ ಬೋರ್ಡಿನ ಹತ್ತಾರು ಪ್ರತಿ ಬೇಕಾದರೆ ಕಾರ್ಖಾನೆಗೆ ಕಳಿಸಿ. ಮನೆಯಲ್ಲಿ ಒಂದು ಪ್ರತಿ ಮಾಡಿ, ಸರ್ಕ್ಯೂಟ್ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಕಳಿಸಿದರೆ ಹಣವೂ ಉಳಿಯುತ್ತದೆ, ಎರಡನೇ ಸಲ ಕಾಯುವುದೂ ತಪ್ಪುತ್ತದೆ.

ಶಾಲೆ, ಪಾಲಿಟೆಕ್ನಿಕ್, ಐಟಿಐಗಳ ಅಧ್ಯಾಪಕರಲ್ಲಿ ಒಂದು ಮನವಿ. ಸಿದ್ಧ ಮಾಡ್ಯೂಲ್‌ಗಳಿಗೆ ತಂತಿ ಸಿಕ್ಕಿಸಿದಲ್ಲಿಗೆ ಮಕ್ಕಳ ಪ್ರಾಜೆಕ್ಟ್ ಮುಗಿಯದಿರಲಿ. ವರ್ಷಕ್ಕೆ ಒಂದಾದರೂ ಬೋರ್ಡನ್ನು ಅವರೇ ಬಿಡಿಸಿ, ಅವರೇ ಎಚ್ ಮಾಡಿ, ಅದರ ತ್ಯಾಜ್ಯವನ್ನೂ ಅವರೇ ಜವಾಬ್ದಾರಿಯಿಂದ ವಿಲೇವಾರಿ ಮಾಡಲಿ. ಮನೆಯಲ್ಲಿ ಕಲಿಯುವವರು ಈ 5 ವೋಲ್ಟ್ ಬೋರ್ಡಿನಿಂದಲೇ ಆರಂಭಿಸಿ. ಮುಂದೆ ಮಾಡುವ ಪ್ರತಿ ಸರ್ಕ್ಯೂಟಿಗೂ ವಿದ್ಯುತ್ ಬೇಕು, ಅದನ್ನು ನೀವೇ ಮಾಡಿದ ಬೋರ್ಡ್ ಕೊಡುತ್ತದೆ.